ಮೆಂಬರಕ್ಕ ನೆಲದಲ್ಲಿ ಕೂತ ದಿನ

ಕಳೆದ ಶನಿವಾರ ನಾನು ಟೀಚರಾಗಿರುವ ಮೂಡುಬಿದಿರೆಯಿಂದ ಊರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸಿನ ಮಡಿಲಲ್ಲಿ ಒಂದು ಬಟ್ಟೆಯ ಚೀಲವಿತ್ತು. ತಿರುವಿನಲ್ಲಿ ಬಸ್ಸು ವಾಲಿದಾಗ ಚೀಲದ ಬಾಯಿ ತೆರೆದು ಬೀಡಿ ಎಲೆಯ ವಾಸನೆ ಬಂತು. ಅದರ ಹಿಂದೆಯೇ ಮೂಗು ಕೆರಳಿಸುವ ಹೊಗೆಸೊಪ್ಪಿನ ಪುಡಿ. ಆ ವಾಸನೆಯಲ್ಲೇ ಬೆಳೆದವರು ನಾವು. ಆದರೆ ಅಂದು ನೆನಪಾದದ್ದು ನಮ್ಮ ಮನೆಯಲ್ಲ... ಮೆಂಬರಕ್ಕ.

ನಮ್ಮ ಊರಿನಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ಕಡೆಗೂ ಬಸ್ಸುಂಟು. ಮೂರರಲ್ಲಿ ಯಾವುದಕ್ಕೂ ನಾವು ಹತ್ತಿರವಲ್ಲ. ಪಂಚಾಯತಿನ ನಮ್ಮ ವಾರ್ಡು ಮಹಿಳೆಗೆ ಮೀಸಲಾದ ವರ್ಷ, ಪಕ್ಷದವರು ಹುಡುಕಿ ಹುಡುಕಿ ಈ ಅಕ್ಕನನ್ನು ನಿಲ್ಲಿಸಿದರು. ಅವರ ಗಂಡ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು, ಮಾತು ಕಡಿಮೆ. ಇವರು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಹೇಳಿದಲ್ಲಿ ಸಹಿ ಹಾಕಿ ಸುಮ್ಮನಿರುವ ಹೆಂಗಸು ಎಂದು ಪಕ್ಷದವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಿತು. ಗೆದ್ದ ಮೇಲೆ ಊರಿಗೆಲ್ಲ ಅವರು ಮೆಂಬರಕ್ಕ. ಸಭೆಯಿದ್ದ ದಿನ ಇಸ್ತ್ರಿ ಮಾಡಿದ ಕಾಟನ್ ಸೀರೆ, ಉಳಿದ ದಿನ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ.

ನ್ಯಾಯಬೆಲೆ ಅಂಗಡಿಗೆ ನಮ್ಮಲ್ಲಿ ಸೊಸೈಟಿ ಎನ್ನುವುದು. ಅಲ್ಲಿಗೆ ಬೆರಳೊತ್ತುವ ಯಂತ್ರ ಬಂದಾಗ ನಮ್ಮ ಮನೆಯ ಅಕ್ಕಿ ನಿಂತಿತು. ಅಪ್ಪ ತೀರಿಹೋಗಿದ್ದರು. ಅಮ್ಮ, ಅಜ್ಜಿ, ನಾನು. ಅಮ್ಮನ ಬೀಡಿಯಲ್ಲೇ ಮನೆ ನಡೆಯಬೇಕು. ಎಳೆಯ ವಯಸ್ಸಿನಿಂದ ಎಲೆ ಸುರುಳಿ ಸುತ್ತಿ ಸುತ್ತಿ ಅಮ್ಮನ ಬೆರಳ ತುದಿ ಸವೆದು ನುಣುಪಾಗಿತ್ತು. ಹೆಬ್ಬೆರಳಿಟ್ಟರೆ ಯಂತ್ರದಲ್ಲಿ ಕೆಂಪು ದೀಪ. ಅಜ್ಜಿಯದ್ದೂ ಅದೇ ಕತೆ. ನನ್ನ ಹೆಸರು ಕಾರ್ಡಿಗೆ ಇನ್ನೂ ಸೇರಿರಲಿಲ್ಲ. ಕೈ ತೊಳೆದು ಬನ್ನಿ ಎಂದರು, ಅಮ್ಮ ತೊಳೆದಳು. ಎಣ್ಣೆ ಹಚ್ಚಿ ಎಂದರು, ಹಚ್ಚಿದಳು. ಯಾರೋ ಲಿಂಬೆಹುಳಿ ಉಜ್ಜಿ ಎಂದರು, ಅದನ್ನೂ ಉಜ್ಜಿದಳು. ಕೊನೆಗೆ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು ಮನೆಗೆ ಬಂದಳು. ಆ ತಿಂಗಳು ಎರಡು ಹೊತ್ತೂ ಗಂಜಿ. ಅಜ್ಜಿ ತನ್ನ ಬಟ್ಟಲಿನ ಅಗುಳನ್ನು ನನ್ನ ಬಟ್ಟಲಿಗೆ ಬಗ್ಗಿಸಿ ತಿಳಿ ಮಾತ್ರ ಕುಡಿಯುತ್ತಿದ್ದಳು...

ಹೀಗಾದದ್ದು ನಮ್ಮ ಮನೆಗೆ ಮಾತ್ರವಲ್ಲ. ಬೀಡಿ ಕಟ್ಟುವ ಮನೆಗಳೆಲ್ಲ ಹೀಗೇ. ಮೆಂಬರಕ್ಕ ಎಲ್ಲರನ್ನೂ ಕರೆದುಕೊಂಡು ತಾಲೂಕು ಕಚೇರಿಗೆ ಹೋದರು. ನನಗೆ ಕಾಲೇಜಿಗೆ ರಜೆಯಿದ್ದುದರಿಂದ ನಾನೂ ಹೋಗಿದ್ದೆ. ಆಹಾರ ಇಲಾಖೆಯ ಅಧಿಕಾರಿ ತಲೆಯೆತ್ತದೆ, "ಯಂತ್ರ ಒಪ್ಪದೆ ಕೊಡ್ಲಿಕ್ಕೆ ನಮಗೆ ಆದೇಶ ಇಲ್ಲ" ಎಂದರು.

"ಕಣ್ಣು ನೋಡಿ ಕೊಡುವ ಯಂತ್ರ ಉಂಟಂತಲ್ಲ ಸಾರ್?" ಎಂದು ಮೆಂಬರಕ್ಕ ಕೇಳಿದರು.

"ಬಂದಾಗ ತಿಳಿಸ್ತೇವೆ."

ಮತ್ತೆ ಹೋದೆವು, ಅದೇ ಉತ್ತರ. ಹಿಂದೆ ಬಂದು ಬಸ್ಸಿಳಿಯುವಾಗ ಮೆಂಬರಕ್ಕ ಎಂದರು, "ಶಾಸಕರು ಪಂಚಾಯತಿಗೆ ಬರ್ತಾರಂತೆ, ಅಹವಾಲು ಕೇಳ್ಲಿಕ್ಕೆ. ಎಲ್ಲರೂ ಬನ್ನಿ. ಕೈ ಚೆನ್ನಾಗಿ ತೊಳೆದುಕೊಂಡು ಬನ್ನಿ."

ಆ ದಿನ ಪಂಚಾಯತ್ ಸಭಾಭವನ ತುಂಬಿತ್ತು. ವೇದಿಕೆಯಲ್ಲಿ ಶಾಸಕರು, ಅಧಿಕಾರಿಗಳು, ತುದಿಯ ಕುರ್ಚಿಯಲ್ಲಿ ಮೆಂಬರಕ್ಕ. ಸೊಸೈಟಿಯವರನ್ನು ಹೇಗೆ ಒಪ್ಪಿಸಿದರೋ, ಬೆರಳೊತ್ತುವ ಯಂತ್ರವೇ ಅಲ್ಲಿಗೆ ಬಂದಿತ್ತು. ತನ್ನ ಸರದಿ ಬಂದಾಗ ಮೆಂಬರಕ್ಕ ಭಾಷಣ ಮಾಡಲಿಲ್ಲ. ಯಂತ್ರವನ್ನು ಶಾಸಕರ ಎದುರಿನ ಮೇಜಿನ ಮೇಲಿಟ್ಟು, ಕೆಳಗೆ ಕೂತಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದರು. ಅಮ್ಮ ಹೆಬ್ಬೆರಳಿಟ್ಟಳು. ಕೆಂಪು. ಪಕ್ಕದ ಮುಸ್ಲಿಂ ಮನೆಯ ಬ್ಯಾರ್ದಿ ಅಕ್ಕ ಇಟ್ಟರು. ಕೆಂಪು.

"ಹೊಗೆಸೊಪ್ಪಿನ ಧೂಳು ಇರ್ತದೆ ಸಾರ್, ಕೈ ತೊಳೆದಿರ್ಲಿಕ್ಕಿಲ್ಲ" ಎಂದು ಅದೇ ಅಧಿಕಾರಿ ಶಾಸಕರ ಕಿವಿಯಲ್ಲಿ ಹೇಳಿದರು. ಮೈಕು ಹತ್ತಿರವಿತ್ತು, ನಮಗೆಲ್ಲ ಕೇಳಿಸಿತು.

ಮೆಂಬರಕ್ಕ ಮೇಜಿನ ಮೇಲಿದ್ದ ನೀರಿನ ಬಾಟಲಿ ಬಿಚ್ಚಿ ತನ್ನ ಕೈಗೆ ಸುರಿದುಕೊಂಡರು. ಸೆರಗಿನಲ್ಲಿ ಒರಸಿ, ತನ್ನ ಹೆಬ್ಬೆರಳನ್ನೇ ಒತ್ತಿದರು. ಕೆಂಪು ದೀಪ.

"ನನ್ನ ಗುರುತೂ ಇಲ್ಲವಂತೆ" ಎಂದರು, ನಿಧಾನವಾಗಿ, ಕಚೇರಿಯಲ್ಲಿ ಆಡುವ ಆ ಪುಸ್ತಕದ ಕನ್ನಡದಲ್ಲಿ. "ಹಾಗಾದರೆ ಇಷ್ಟು ಹೊತ್ತು ನಿಮ್ಮ ಸಾಲಿನಲ್ಲಿ ಕೂತವಳು ಯಾರು ಸಾರ್?"

ಯಾರೋ ನಕ್ಕರು. ಶಾಸಕರು ನಗಲಿಲ್ಲ. "ನೋಡುವ, ಅಕ್ಕ. ನಾನು ಮಾತಾಡ್ತೇನೆ" ಎಂದರು. ಅವರಿಗೆ ಮುಂದಿನ ಕಾರ್ಯಕ್ರಮಕ್ಕೆ ಹೊತ್ತಾಗಿತ್ತು. ಹೊರಗೆ ಕಾರು ಸ್ಟಾರ್ಟ್ ಆಗಿತ್ತು.

"ನೋಡುವ ಅಂದರೆ ಈ ತಿಂಗಳ ಅಕ್ಕಿ ಬರ್ತದಾ?" ಎಂದು ಕೇಳಿದ ಮೆಂಬರಕ್ಕ ವೇದಿಕೆಯಿಂದ ಇಳಿದು ಬಂದರು. ಬಾಗಿಲಿಗೆ ಹೋಗುವ ದಾರಿಯ ಮಧ್ಯೆ ನೆಲದಲ್ಲಿ ಕೂತು, "ಕುಲ್ಲುಲೆ" ಎಂದರು ನಮಗೆ. ತುಳುವಿನಲ್ಲಿ, ಕೂತುಕೊಳ್ಳಿ ಎಂದು. ಒಂದೇ ಶಬ್ದ. ನನ್ನ ಅಮ್ಮ, ಸೊಸೈಟಿಯಲ್ಲಿ ಒಂದು ಮಾತು ಎತ್ತರಿಸಿ ಆಡದವಳು, ಮೊದಲು ಕೂತಳು. ಆಮೇಲೆ ಎಲ್ಲರೂ. ದಾರಿಯೇ ಇಲ್ಲವಾಯಿತು. ಪಕ್ಷದ ಒಬ್ಬರು ಓಡಿಬಂದು ಬಾಗಿಲಲ್ಲಿ ನಿಂತಿದ್ದ ಮೆಂಬರಕ್ಕನ ಗಂಡನನ್ನು ಹಿಡಿದುಕೊಂಡರು. "ನಿಮ್ಮವರಿಗೆ ಸ್ವಲ್ಪ ಹೇಳಿ ಮಾರಾಯ್ರೆ, ಮರ್ಯಾದೆಯ ಪ್ರಶ್ನೆ."

"ಹೇಳಿ ನೋಡಿದ್ದೇನೆ" ಎಂದರು ಆ ದರ್ಜಿ. "ಮದುವೆಯಾದ ವರ್ಷವೇ. ಪ್ರಯೋಜನ ಇಲ್ಲ."

ಶಾಸಕರು ಮತ್ತೆ ಕುರ್ಚಿಯಲ್ಲಿ ಕೂತರು. ಕಾರಿನ ಸದ್ದು ನಿಂತಿತು. ಫೋನು ಹೋಯಿತು, ಇನ್ನೊಂದು ಹೋಯಿತು. ಕಡೆಗೆ ಆದೇಶವಿಲ್ಲ ಎಂದಿದ್ದ ಅಧಿಕಾರಿಯೇ, ಕಣ್ಣಿನ ಯಂತ್ರ ಬರುವವರೆಗೆ ಸಹಿ ಪಡೆದು ಅಕ್ಕಿ ಕೊಡುವುದು ಎಂದು ಅಲ್ಲಿಯೇ ಬರೆದುಕೊಟ್ಟರು. ಮೆಂಬರಕ್ಕ ಅದನ್ನು ಎಲ್ಲರಿಗೂ ಕೇಳುವಂತೆ ಓದಿಸಿದರು. ಆಮೇಲೆ ಎದ್ದು, ಸೀರೆಯ ಧೂಳು ಕೊಡವಿ, "ಚಾ ಕುಡಿದು ಹೋಗಿ ಸಾರ್" ಎಂದರು.

ಮರುದಿನ ನಮ್ಮ ಮನೆಯಲ್ಲಿ ಅನ್ನ ಬೆಂದಿತು.

ಪಕ್ಷದವರು ಮರೆಯಲಿಲ್ಲ. ಮುಂದಿನ ಚುನಾವಣೆಗೆ ಬೇರೆಯವರನ್ನು ನಿಲ್ಲಿಸಿದರು. ಮೆಂಬರಕ್ಕ ಯಾರ ಬೆಂಬಲವೂ ಇಲ್ಲದೆ ನಿಂತರು, ಸೋತರು. ಗೆದ್ದವರ ಪಟಾಕಿ ಅವರ ಅಂಗಳದ ಎದುರೇ ಸಿಡಿಯಿತು. ಅವರು ಮೊರ ಕೆಳಗಿಡದೆ ನೋಡುತ್ತ ಕೂತಿದ್ದರು. ಆದರೆ ಕಚೇರಿಗೆ ಹೋಗುವುದು ಬಿಡಲಿಲ್ಲ. ಅಜ್ಜಿಯ ಪಿಂಚಣಿಗಾಗಿ ನಾವು ಜೊತೆಗೆ ಹೋದಾಗ ಗುಮಾಸ್ತ ಕೇಳಿದ, "ನೀವು ಈಗ ಮೆಂಬರ್ ಅಲ್ಲವಲ್ಲ?"

"ಅಲ್ಲ. ಹಾಗಾಗಿ ಇವತ್ತು ನನಗೆ ಮೀಟಿಂಗೂ ಇಲ್ಲ. ಸಂಜೆವರೆಗೆ ಇಲ್ಲೇ ಕೂತ್ಕೊಳ್ತೇನೆ" ಎಂದರು. ಮಧ್ಯಾಹ್ನದೊಳಗೆ ಕೆಲಸವಾಯಿತು.

ಹೊಗೆಸೊಪ್ಪಿನ ಧೂಳು ಅವರ ಎದೆಯೊಳಗೆ ಮೊದಲೇ ಇಳಿದಿತ್ತೋ ಏನೋ... ಕೆಮ್ಮು ಹತ್ತಿ, ಬಿಡದೆ, ಹೋದ ಮಳೆಗಾಲದಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಮೇಲಿನ ಪಂಚಾಯತ್ ಸಭೆಯಲ್ಲಿ ಅವರ ಹೆಸರು ಯಾರೂ ಎತ್ತಲಿಲ್ಲ. ಗ್ರಾಮಸಭೆಯಲ್ಲಿ ಬೀಡಿಯ ಹೆಂಗಸರು ಅವರ ಗೌರವಕ್ಕೆಂದು ಯಾರನ್ನೂ ಕೇಳದೆ ಎದ್ದು ನಿಂತರು. ಅಧ್ಯಕ್ಷರು ಮಾತು ನಿಲ್ಲಿಸಿ, ಬೇರೆ ದಾರಿಯಿಲ್ಲದೆ ತಾವೂ ನಿಂತರು.

ಆ ಶನಿವಾರ ಬಸ್ಸಿಳಿದು ಮನೆಗೆ ಹೋದರೆ ಬಾಗಿಲಿಗೆ ಚಿಲಕ. ಅಮ್ಮ ಸೊಸೈಟಿಗೆ ಹೋದವಳು ಬಂದಿಲ್ಲ ಎಂದರು ಪಕ್ಕದ ಮನೆಯವರು. ಹೋಗಿ ನೋಡಿದರೆ ಅಮ್ಮ ಅಂಗಡಿಯ ಮೆಟ್ಟಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತಿದ್ದಾಳೆ. ಒಳಗಿನಿಂದ ಅಂಗಡಿಯವರು ನನ್ನನ್ನು ಕಂಡು, "ಸ್ವಲ್ಪ ಹೇಳಿ ಟೀಚರೆ. ಕಣ್ಣಿನ ಯಂತ್ರ ಹಾಳಾಗಿದೆ. ಸಹಿ ತಗೊಂಡು ಕೊಡ್ಲಿಕ್ಕೆ ಮೇಲಿನವರನ್ನು ಕೇಳ್ಬೇಕು. ಸೋಮವಾರ ಬನ್ನಿ ಅಂದರೆ ಏಳುವುದಿಲ್ಲ" ಎಂದರು.

"ಈಗಲೇ ಕೇಳಲಿ. ಫೋನುಂಟಲ್ಲ" ಎಂದಳು ಅಮ್ಮ, ಅವರ ಕಡೆ ತಿರುಗದೆ.

ನಾನು ಅವಳ ಪಕ್ಕ ಬಗ್ಗಿ, "ಯಾವಾಗಿನಿಂದ ಕೂತಿದ್ದಿ?" ಎಂದೆ.

"ಮೊದಲಾದರೆ ಮನೆಗೆ ಬಂದು ಮೆಂಬರಕ್ಕನಿಗೆ ಹೇಳ್ತಿದ್ದೆ" ಎಂದಳು. "ಈಗ ಯಾರಿಗೆ ಹೇಳುವುದು? ಅದಕ್ಕೆ ಕೂತೆ."