ಹೊಸ ಅಂಗಿಗೆ ವಯಸ್ಸು ಬರಿಸುವ ಮಾಸಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಾರಸಿಯ ಮೇಲೆ ಮಾಸಲಕ್ಕ ಆಗಲೇ ಒಂದು ಹೊಸ ಕೋಟಿನ ಮೊಣಕೈಗೆ ಉಪ್ಪುಕಾಗದ ಹಿಡಿದು ತಿಕ್ಕುತ್ತಿದ್ದಾರೆ. ನಿನ್ನೆಯಷ್ಟೇ ಅಂಗಡಿಯಿಂದ ಬಂದ ಕೋಟು, ಬೆಲೆಚೀಟಿ ಇನ್ನೂ ಜೋತಾಡುತ್ತಿದೆ. ನಾಳೆಯೊಳಗೆ ಅದು ಜೀವಮಾನವಿಡೀ ಒಂದೇ ಕುರ್ಚಿಯಲ್ಲಿ ಕೂತು ಸವೆದ ಗುಮಾಸ್ತನ ಕೋಟಾಗಬೇಕು. ಜೇಬಿಗೆ ಕಲ್ಲು ತುಂಬಿ, ಒದ್ದೆ ಮಾಡಿ ನೇತುಹಾಕುತ್ತಾರೆ, ಬಟ್ಟೆ ಜೋತುಬೀಳಲಿ ಎಂದು. ಕಾಲರಿಗೆ ಟೀ ಡಿಕಾಕ್ಷನ್ ಬಳಿಯುತ್ತಾರೆ. ತೋಳಿನ ಅಂಚಿಗೆ ಕ್ಯಾರೆಟ್ ತುರಿಯುವ ತುರಿಮಣೆಯೇ ಆಯುಧ.

“ಅಡುಗೆಮನೇದು ಬೇರೆ ಇದೆ, ಹೆದರ್ಬೇಡಿ. ತಿಂಡಿ ತಿಂದೇ ಹೋಗಿ” ಎಂದು ನಗುತ್ತಾರೆ. ಸಂದರ್ಶನಕ್ಕೆಂದು ಹೊಸ ಅಂಗಿ ತೊಟ್ಟು ಹೋದದ್ದು ನನ್ನ ತಪ್ಪು. ಮಾತೆಲ್ಲ ನನ್ನೊಡನೆ, ಕಣ್ಣೆಲ್ಲ ನನ್ನ ಕಾಲರಿನ ಮೇಲೆ. ಬಿಟ್ಟರೆ ಅಲ್ಲೇ ಬಿಚ್ಚಿಸಿ ತಿಕ್ಕಿಬಿಡುತ್ತಾರೇನೋ ಎಂದು ಕೊನೆಯವರೆಗೂ ಅಳುಕು ನನಗೆ.

ಸಿನಿಮಾದಲ್ಲಿ ಬಡವನ ಮೈಮೇಲಿನ ಅಂಗಿ ಬಡವನದಂತೆಯೇ ಕಾಣುವುದು ಈಕೆಯಿಂದ. ಮೂವತ್ತು ವರ್ಷಗಳಿಂದ ಹೊಸ ಬಟ್ಟೆಯನ್ನು ಹಳೆಯದು ಮಾಡುವುದೇ ಕೆಲಸ. ಹೆತ್ತವರಿಟ್ಟ ಹೆಸರು ಮನೆಯವರಿಗೇ ಮರೆತಂತಿದೆ. ಪರದೆಯ ಮೇಲೆ ಹೆಸರು ಬಂದದ್ದೂ ಇಲ್ಲ. “ನನ್ನ ಕೆಲಸ ಕಣ್ಣಿಗೆ ಬಿತ್ತು ಅಂದ್ರೆ ಕೆಟ್ಟಿದೆ ಅಂತ ಅರ್ಥ. ಹೆಸರು ಹಾಕಿದ್ರೆ ಜನ ಹುಡುಕೋಕೆ ಶುರು ಮಾಡ್ತಾರೆ” ಎನ್ನುವುದು ಅವರ ಸಮಾಧಾನ.

ಮನೆಯಲ್ಲಿ ಮೂವರು. ಅಕ್ಕ, ಅಮ್ಮ, ತಮ್ಮ. ಗುಂಡಿ ಹೊಲಿಯುವುದರಲ್ಲಿ ತಮ್ಮನನ್ನು ಮೀರಿಸುವವರಿಲ್ಲ, ಆದ್ದರಿಂದ ಬೀದಿಗೆಲ್ಲ ಅವನು ಗುಂಡಿ ಮೇಷ್ಟ್ರು. ಇಪ್ಪತ್ತೆರಡರ ವಯಸ್ಸಿನಲ್ಲಿ ಅವನಿಗೆ ಬೇರಾರಿಗೂ ಕೇಳದ ದನಿಗಳು ಕೇಳತೊಡಗಿದವು. ಕೆಲವು ವರ್ಷ ಹೊಸಿಲು ದಾಟಲಿಲ್ಲ. ಸರಿಯಾದ ವೈದ್ಯರು ಸಿಗಲು ಕಾಲ ಹಿಡಿಯಿತು, ಸರಿಯಾದ ಮಾತ್ರೆ ಸಿಗಲು ಇನ್ನಷ್ಟು. ಈಗ ಮೂವತ್ತನಾಲ್ಕು. ಮಾತ್ರೆ ತಪ್ಪಿಸುವುದಿಲ್ಲ, ಅಕ್ಕನನ್ನು ಗೋಳುಹೊಯ್ದುಕೊಳ್ಳುವುದನ್ನೂ ತಪ್ಪಿಸುವುದಿಲ್ಲ.

ನಾನು ಈ ದಿನವೇ ಬಂದದ್ದಕ್ಕೆ ಕಾರಣವಿದೆ. ಮಾನಸಿಕ ಕಾಯಿಲೆಯೊಡನೆ ಹೆಣಗುವ ಯುವಕನೊಬ್ಬನ ಸಿನಿಮಾ ಇಂದು ತೆರೆಕಾಣುತ್ತಿದೆ. ನಾಯಕನ ಅಂಗಿ ಈ ಮನೆಯದು.

ಕಳೆದ ವರ್ಷ ಚಿತ್ರದ ಮ್ಯಾನೇಜರ್ ಫೋನ್ ಮಾಡಿ ಕೇಳಿದ್ದು ಎರಡೇ ಪದ: “ಹುಚ್ಚನ ಸೆಟ್.” ಈ ಕಸುಬಿನಲ್ಲಿ ಬಟ್ಟೆಗೆ ಹಾಗೆಯೇ ಹೆಸರು. ಕುಡುಕನ ಸೆಟ್, ಭಿಕ್ಷುಕನ ಸೆಟ್, ಹುಚ್ಚನ ಸೆಟ್. ಹುಚ್ಚನ ಸೆಟ್ ಎಂದರೆ ತೋಳು ಹರಿದಿರಬೇಕು, ಮಣ್ಣು ಮೆತ್ತಿರಬೇಕು, ಅರ್ಧ ಗುಂಡಿ ಉದುರಿರಬೇಕು. ಮಾಸಲಕ್ಕ ಯೋಚಿಸಲೂ ಇಲ್ಲ. ಕೈಗೆ ಅಭ್ಯಾಸವಾದದ್ದನ್ನು ಕೈ ಮಾಡಿಹಾಕಿತು. ಹರಿದು, ಬಳಿದು ತಂತಿಗೆ ನೇತುಹಾಕಿದರು.

ಗುಂಡಿ ಮೇಷ್ಟ್ರು ತಾರಸಿಗೆ ಬಂದು ಅದನ್ನು ನೋಡಿದ.

“ಯಾರ್ದಕ್ಕಾ ಇದು?”

“‘ಹುಚ್ಚನ ಸೆಟ್ಟು ಕಣೋ’ ಅಂದೆ” ಎನ್ನುವಾಗ ಮಾಸಲಕ್ಕನ ಕೈಯಲ್ಲಿನ ಉಪ್ಪುಕಾಗದ ನಿಲ್ಲುತ್ತದೆ. “ಅವನು ಹರಿದ ತೋಳು ಮುಟ್ಟಿ ನೋಡಿದ. ಆಮೇಲೆ, ‘ನಾನು ಹಿಂಗಿದ್ನಾ?’ ಅಂದ. ಸಿಟ್ಟಿಲ್ಲ, ಏನಿಲ್ಲ. ನಿಜವಾಗ್ಲೂ ಕೇಳಿದ. ನಂಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು. ಇವನು ಹಿಂಗೆ ಇರ್ಲೇ ಇಲ್ಲ. ಒಂದು ದಿನಾನೂ ಇರ್ಲಿಲ್ಲ.”

ಕಾಯಿಲೆಯ ದಿನಗಳಲ್ಲಿ ಅವನಿದ್ದದ್ದು ಹೀಗೆ: ತಿಳಿನೀಲಿ ಅಂಗಿ, ಕುತ್ತಿಗೆಯವರೆಗೆ ಬಿಗಿದ ಗುಂಡಿ, ಕಚ್ಚಿ ಕಚ್ಚಿ ನಾರಾದ ಎಡ ತೋಳಿನ ತುದಿ. ಮಿಕ್ಕಂತೆ ಗರಿಗರಿ ಇಸ್ತ್ರಿ.

ಹರಕು ಅಂಗಿ ನೆಲ ಒರೆಸಲು ಹೋಯಿತು. ಮಾಸಲಕ್ಕ ಮ್ಯಾನೇಜರಿಗೆ ಫೋನ್ ಮಾಡಿ ಒಂದು ತಿಂಗಳ ಗಡುವು ಕೇಳಿದರು. ಆತ ಕೂಗಾಡಿದ. ವಿಷಯ ತಿಳಿದ ನಿರ್ದೇಶಕಿಯೇ ಮನೆಗೆ ಬಂದು, ತಾರಸಿಯ ನೆಲದಲ್ಲಿ ಗುಂಡಿ ಮೇಷ್ಟ್ರ ಎದುರು ಕೂತು, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಹೊಸ ತಿಳಿನೀಲಿ ಅಂಗಿ ತರಿಸಿ, ವೈದ್ಯರನ್ನೂ ಒಂದು ಮಾತು ಕೇಳಿ, ಅವನೇ ತಿಂಗಳಿಡೀ ತೊಟ್ಟ. ಅಮ್ಮ ಒಗೆದು ಇಸ್ತ್ರಿ ಮಾಡಿದರು. ತೊಡಕಾದದ್ದು ಒಂದೇ ಕಡೆ. ತೋಳನ್ನು ಕಚ್ಚಲು ಅವನಿಗೆ ಬರಲೊಲ್ಲದು!

“ಎಷ್ಟು ಕಚ್ಚಿದ್ರೂ ಬರೀ ಎಂಜಲಾಯ್ತು” ಎನ್ನುತ್ತಾನೆ ಗುಂಡಿ ಮೇಷ್ಟ್ರು. “ಆಗ ನಿದ್ದೇಲೂ ಕಚ್ತಿದ್ದೆ. ಈಗ ಮರ್ತೇಹೋಗಿದೆ. ಅಕ್ಕನ ಮುಂದೆ ಮರ್ಯಾದೆ ಹೋಯ್ತು.” ಕಾಯಿಲೆಯ ಅಭ್ಯಾಸ ಮರೆತದ್ದಕ್ಕೆ ಹೀಗೆ ನಾಚಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಆ ಕೆಲಸ ತುರಿಮಣೆಯ ಪಾಲಾಯಿತಂತೆ.

ಅಂಗಿ ಒಪ್ಪಿಸುವಾಗ ಅವನು ನಿರ್ದೇಶಕಿಯನ್ನು ಕೇಳಿದ್ದು ಒಂದೇ. “ಮೇಡಂ, ಕೊನೇಲಿ ಅವನನ್ನ ಸಾಯಿಸ್ಬೇಡಿ. ಸಿನಿಮಾದಲ್ಲಿ ನಮ್ಮಂಥೋರು ಯಾವಾಗ್ಲೂ ಸಾಯ್ತಾರೆ.” ಆಕೆ ನಕ್ಕು, “ಥಿಯೇಟರಲ್ಲೇ ನೋಡಿ” ಎಂದರಂತೆ. ಆವತ್ತಿನಿಂದ ಮಾಸಲಕ್ಕನಿಗೆ ನಿದ್ದೆಯಿಲ್ಲ. ಆ ಹುಡುಗ ಸತ್ತರೆ ಈ ಹುಡುಗ ಏನು ಅಂದುಕೊಂಡಾನು? ಇವತ್ತು ಕೋಟನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕುತ್ತಿರುವುದೂ ಅದಕ್ಕೇ. “ಮನೇಲೇ ಇರೋಣ್ವೇನೋ?” ಎಂದು ಬೆಳಗಿನಿಂದ ಹಲವು ಸಲ ಕೇಳಿದ್ದಾರೆ. ತಮ್ಮ ಬೂಟಿಗೆ ಪಾಲಿಶ್ ಹಾಕುತ್ತಿದ್ದಾನೆ.

ಮಧ್ಯಾಹ್ನದ ಆಟಕ್ಕೆ ಅಕ್ಕ, ಅಮ್ಮ, ತಮ್ಮ ಮೂವರ ಜೊತೆ ನಾನೂ ಹೊರಡುತ್ತೇನೆ. ನಾಯಕ ತೆರೆಯ ಮೇಲೆ ಬರುತ್ತಿದ್ದಂತೆ ಗುಂಡಿ ಮೇಷ್ಟ್ರು ನನ್ನ ತೊಡೆ ಜಿಗುಟಿ, “ನನ್ನ ಅಂಗಿ” ಎನ್ನುತ್ತಾನೆ, ಮೂರು ಸಾಲಿಗೆ ಕೇಳುವಂತೆ. ನಾಯಕ ತಪ್ಪಿ ಬಲ ತೋಳನ್ನು ಕಚ್ಚಿದಾಗ, “ಎಡಗೈ, ಎಡಗೈ!” ಎಂದು ತಿದ್ದುತ್ತಾನೆ. ಮಾಸಲಕ್ಕ ಸಿನಿಮಾ ನೋಡುತ್ತಿಲ್ಲ, ತಮ್ಮನ ಮುಖ ನೋಡುತ್ತಿದ್ದಾರೆ. ಕತೆಯ ಹುಡುಗ ಒಮ್ಮೆ ತಾರಸಿಯ ಅಂಚಿನಲ್ಲಿ ಹೋಗಿ ನಿಂತಾಗ ಅವರು ತಮ್ಮನ ಕೈ ಹಿಡಿಯುತ್ತಾರೆ. “ಇರಕ್ಕ, ಇಳೀತಾನೆ” ಎಂದು ಅವನೇ ಅಕ್ಕನ ಕೈ ತಟ್ಟುತ್ತಾನೆ.

ಹುಡುಗ ಇಳಿಯುತ್ತಾನೆ. ಸಾಯುವುದಿಲ್ಲ. ಕೊನೆಯ ದೃಶ್ಯದಲ್ಲಿ ಬಾಗಿಲು ತೆರೆದು, ಕುತ್ತಿಗೆಯ ಗುಂಡಿ ಬಿಚ್ಚಿ, ರಸ್ತೆಗಿಳಿದು ಜನರ ನಡುವೆ ನಡೆದುಹೋಗುತ್ತಾನೆ. ಗುಂಡಿ ಮೇಷ್ಟ್ರು ಎದ್ದು ನಿಂತು ಹೊಡೆದ ಸಿಳ್ಳೆಗೆ ಗೇಟಿನವನು ಟಾರ್ಚ್ ಬಿಡುತ್ತಾನೆ. ಮಾಸಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೋ ನಗುತ್ತಾರೋ ತಿಳಿಯುವುದಿಲ್ಲ. ನನಗಂತೂ ಎರಡೂ ಬಂತು.

ದೀಪ ಹತ್ತಿಕೊಳ್ಳುತ್ತದೆ. ಮುಂದಿನ ಸಾಲಿನ ಕನ್ನಡಕದ ಯಜಮಾನರು ಹೆಂಡತಿಗೆ ಹೇಳುತ್ತಿದ್ದಾರೆ: “ಎಲ್ಲ ಚೆನ್ನಾಗಿದೆ, ಒಂದು ತಪ್ಪು ಮಾಡಿದಾರೆ ನೋಡು. ವರ್ಷಗಟ್ಟಲೆ ಮನೆ ಬಿಟ್ಟು ಹೊರಡದ ಹುಡುಗನಿಗೆ ದಿನಾ ಇಸ್ತ್ರಿ ಅಂಗಿ! ಯಾರು ಮಾಡಿಕೊಡ್ತಾರೆ?”

ಅಮ್ಮ ಮುಂದಕ್ಕೆ ಬಗ್ಗಿ ಅವರ ಹೆಗಲು ತಟ್ಟುತ್ತಾರೆ.

“ನಾನು ಮಾಡಿದೀನಪ್ಪ. ಹೊರಡೋ ದಿನ ಬಂದಾಗ ಅಂಗಿ ಸುಕ್ಕಾಗಿರಬಾರದಲ್ಲ.”