ಎಲುಬಿಲ್ಲದ ಕೌದಿ

ಪಕ್ಕದ ಮನೆಯ ಶರಣಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಬಟ್ಟೆಯ ಚೂರನ್ನು ಮಡಚಿ ಅದರಿಂದ ಒಮ್ಮೆ ಗೀರಿದರೆ ಗೆರೆ ಮೂಡುತ್ತಿತ್ತು. ಆ ಗೆರೆ ಹಿಡಿದು ಹೊಲಿಯುತ್ತಿದ್ದರು. ಶಹಾಪುರದ ನಮ್ಮ ಓಣಿಯ ಹಳೆ ಸೀರೆಗಳೆಲ್ಲ ಕೊನೆಗೆ ಸೇರುತ್ತಿದ್ದದ್ದು ಅವರ ಕೌದಿಗೆ, ಆ ತೇಪೆ ಹೊದಿಕೆಗೆ.

ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಮೊಬೈಲಿನಲ್ಲಿ ನೋಡಿ ಬೇರೆ ರೀತಿ ಕಲಿತಿದ್ದೆ. ಮದುವೆ ಕಾರ್ಡನ್ನು ಆರು ಮೂಲೆಯ ಚೂರುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಬಟ್ಟೆ ಹೊದಿಸಿ, ಅಂಚಿಗೆ ಅಂಚು ಸೇರಿಸಿ ಹೂವಾಗಿ ಹೊಲಿದು, ಆಮೇಲೆ ಕಾಗದ ತೆಗೆಯುವುದು. ಅತ್ತೆಗೆ ಇದು ಹಿಡಿಸಲಿಲ್ಲ.

“ಬಟ್ಟಿಗೆ ಕಾಗದದ ಎಲುಬು ಯಾಕ ಬೇಕವಾ?”

“ಮೂಲಿ ಸರಿ ಕೂಡ್ತಾವ್ರಿ ಅತ್ತಿ.”

“ಮೂಲಿ ಕೂಡಸಾಕ ಮಂದಿ ಮದುವಿ ಹರಿಯಾಕತ್ತಿ! ನಿಂದು ಒಂದ್ ಹೂ ಮುಗಿಯೂದ್ರಾಗ ನನ್ನ ಕೌದಿ ಮುಗದು, ಒಗದು, ಒಣಗಿರ್ತದ.”

ಅದು ನಿಜ. ಆದರೆ ಅವರ ಹೂಗಳ ಎಸಳು ಒಂದೊಂದು ದಿಕ್ಕಿಗೆ ವಾಲುತ್ತಿದ್ದವು. ನಾನು ಸುಮ್ಮನೆ ನೋಡಿದರೂ ಸಾಕು, “ಗಾಳಿಗೆ ಹೂ ಅಲ್ಲಾಡಂಗಿಲ್ಲೇನು?” ಎನ್ನುತ್ತಿದ್ದರು.

ನನ್ನ ಅಕ್ಕನ ಮಗುವಿನ ತೊಟ್ಟಿಲಿಗೂ ಅವರದೇ ಕೌದಿ ಎಂದಾಯಿತು. ಆಗ ಸೂಜಿಯ ಮೇಲೆ ಅವರ ಸಿಟ್ಟು ಶುರುವಾಯಿತು. “ಈಗಿನ ಸೂಜಿಗೆ ಕಣ್ಣೇ ಇಡಂಗಿಲ್ಲ, ನೀನು ಪೋಣಸು” ಎಂದು ನನ್ನನ್ನು ಕರೆಯುತ್ತಿದ್ದರು. ಕಕ್ಕೇರಾದಲ್ಲಿದ್ದ ಅವರ ಮಗಳು ಫೋನಿನಲ್ಲಿ, “ಕಣ್ಣು ಕಾಣ್ಲಿಲ್ಲಂದ್ರ ಸೂಜಿ ಮುಟ್ಟಗೊಡಂಗಿಲ್ಲ ನೋಡವ್ವ” ಎಂದು ಗದರಿದರೆ, “ಇರುವಿ ಕಾಲು ಎಣಸ್ತೀನಿ ನಾ!” ಎಂದು ಕೂಗುತ್ತಿದ್ದರು.

ಈ ನಡುವೆ ನನ್ನ ಡಬ್ಬಿಯ ಕಾಗದದ ಚೂರುಗಳು ಕಡಿಮೆಯಾಗತೊಡಗಿದವು.

“ನೋಡಿದ್ರೇನ್ರಿ ಅತ್ತಿ?”

“ಒಲಿ ಹಚ್ಚೀನಿ. ಛಲೋ ಉರೀತಾವ.”

ಅವರ ಮನೆಗೆ ಗ್ಯಾಸ್ ಬಂದು ವರ್ಷಗಳಾಗಿದ್ದವು.

ತೊಟ್ಟಿಲ ಕಾರ್ಯದ ಹಿಂದಿನ ದಿನ ಕೌದಿ ಬಂತು. ಒಂದು ಎಸಳೂ ವಾಲಿರಲಿಲ್ಲ. ಕೌದಿ ಹಸಿದಿರಬಾರದೆಂದು ಅವರು ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿಯುವುದು ವಾಡಿಕೆ. ಆ ಮೂಲೆ ಒತ್ತಿದೆ. ಕಾಗದ ಸರಕ್ ಎಂದಿತು. ಒಂದು ಚೂರನ್ನು ತೆಗೆಯಲು ಮರೆತಿದ್ದರು. ಉಗುರಿನ ಗೆರೆ ಕಾಣಲು ಕಣ್ಣು ಬೇಕು. ಕಾಗದದ ಅಂಚು ಬೆರಳಿಗೇ ಸಿಗುತ್ತದೆ.

ಕೌದಿ ನೋಡಲು ಬಂದಿದ್ದ ಮಗಳು ಪಕ್ಕದಲ್ಲೇ ಇದ್ದಳು. ಅತ್ತೆ ನನ್ನ ಕಡೆಗೇ ಮುಖ ಮಾಡಿದ್ದರು.

“ರೊಟ್ಟಿ ಒಣಗೇದ,” ಎಂದರು.

“ಹೌದ್ರಿ,” ಎಂದೆ.

ತೊಟ್ಟಿಲ ಕಾರ್ಯ ಮುಗಿದ ಸಂಜೆಯೇ ಮಗಳು ಇನ್ನು ತನ್ನ ಬಳಿಯೇ ಇರಲೆಂದು ಅವರನ್ನು ಕಕ್ಕೇರಾಕ್ಕೆ ಕರೆದೊಯ್ದಳು. ನಾನು ಅವರನ್ನು ಕೊನೆಯ ಸಲ ಕಂಡದ್ದು ಬಸ್ಸಿನ ಕಿಟಕಿಯಲ್ಲಿ. “ಎಲುಬಿಲ್ಲದ ಕೌದಿ ಹೊಲಿಯಾಕಿ ನಾ ಒಬ್ಬಾಕಿನ, ತಿಳೀತಿಲ್ಲೋ!” ಎಂದು ಕೂಗಿದರು.

ಮರುದಿನ ಬೆಳಿಗ್ಗೆ ಮನೆಯಲ್ಲಿದ್ದ ಮದುವೆ ಕಾರ್ಡುಗಳನ್ನೆಲ್ಲ, ದೇವರ ಚಿತ್ರ ಬಿಟ್ಟು, ಆರು ಮೂಲೆಗೆ ಕತ್ತರಿಸಿ ಗಂಟು ಕಟ್ಟಿ, ಕಕ್ಕೇರಾ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ.

“ಏನದರಿ ಇದ್ರಾಗ?”

“ಒಲಿ ಹಚ್ಚೂ ಕಾಗದರಿ,” ಎಂದೆ. “ಶರಣಮ್ಮನವರ ಕೈಯಾಗೇ ಕೊಡ್ರಿ.”