ಇಲ್ಲದ ದೇಶಗಳ ಸರ್ಕಾರ ಮತ್ತು ನಾನು ಹಾಕಿದ ಚಿಲಕ

ತಿರುವನಂತಪುರದಲ್ಲಿ ಸಿನಿಮಾ ಮುಗಿದ ಮೇಲೂ ಜನ ಮನೆಗೆ ಹೋಗುವುದಿಲ್ಲ. ಹೊರಗೆ ಮರದ ಕೆಳಗೆ ನಿಂತು ಜಗಳವಾಡುತ್ತಾರೆ. ಕುರ್ಚಿ ಸಿಗಲಿಲ್ಲವೆಂದಲ್ಲ, ಚಿತ್ರದೊಳಗಿನ ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಎಂದು! ನಾನು ಕೊಪ್ಪಳದ ಕಡೆ ಹದಿನೆಂಟು ವರ್ಷ ಟೂರಿಂಗ್ ಟಾಕೀಸಿನಲ್ಲಿ ಮಷೀನ್ ಓಡಿಸಿದವನು. ನಮ್ಮಲ್ಲಿ 'ಶುಭಂ' ಬೀಳುವ ಮೊದಲೇ ಅರ್ಧ ಟೆಂಟು ಖಾಲಿ.

ಕೊಚ್ಚಿಯ ಕಲೂರಿನಲ್ಲಿರುವ ಮಗಳ ಮನೆಗೆ ಬಂದು ಎರಡು ವರ್ಷವಾಯಿತು. ಇಲ್ಲಿಯ ಅನ್ನ ದಪ್ಪ. ರೊಟ್ಟಿ ಬೇಕೆಂದರೆ ಜೋಳದ ಹಿಟ್ಟು ಊರಿಂದಲೇ ಬರಬೇಕು. ಅದಕ್ಕೆಲ್ಲ ಒಗ್ಗಿಕೊಂಡೆ. ಆದರೆ ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಸುಧಾ ನನ್ನ ಕನ್ನಡಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು. ಒಂದೇ ಮನೆಯಲ್ಲಿದ್ದೂ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ.

ಅವಳಿಗೆ ಕಾಲೇಜಿನಲ್ಲಿ ಒಂದು ಪ್ರಬಂಧ ಬರೆಯುವುದಿತ್ತು: ಕಾದಂಬರಿಯ ದಬ್ಬಾಳಿಕೆ ಸರ್ಕಾರಕ್ಕೂ ಸಿನಿಮಾದ ದಬ್ಬಾಳಿಕೆ ಸರ್ಕಾರಕ್ಕೂ ಏನು ವ್ಯತ್ಯಾಸ ಎಂದು. ಅದಕ್ಕಾಗಿ ತಿರುವನಂತಪುರದ ಚಿತ್ರೋತ್ಸವಕ್ಕೆ ಹೊರಟಳು. ಒಬ್ಬಳನ್ನೇ ಕಳಿಸಲು ಅವರಮ್ಮ ಒಪ್ಪದೆ ನನ್ನನ್ನು ಜೊತೆ ಮಾಡಿದಳು.

ಅಲ್ಲಿ ನೋಡಿದ ಚಿತ್ರದಲ್ಲಿ ಗೋಡೆಗೋಡೆಗೂ ದೊರೆಯ ಮುಖ, ಎಲ್ಲೆಲ್ಲೂ ಬೂಟಿನ ಸದ್ದು. ನಡುವೆ ಪರದೆ ಒಮ್ಮೆಲೇ ಕಪ್ಪಾಯಿತು. ಹದಿನೆಂಟು ವರ್ಷದ ಅಭ್ಯಾಸ ಕೇಳೀತೇ? "ರೀಲ್ ಕಟ್ಟಾತು!" ಎಂದು ಕೂಗಿ ಮಷೀನ್ ರೂಮಿನ ಕಡೆ ಓಡಿದೆ. ಬಾಗಿಲಲ್ಲಿದ್ದವನು "ಎಂದಾ ಅಪ್ಪೂಪ್ಪಾ?" ಅಂದ, ಏನು ತಾತಾ ಎಂದು. ನೋಡಿದರೆ, ಚಿತ್ರದ ಸರ್ಕಾರವೇ ಊರಿನ ಕರೆಂಟು ತೆಗೆಸಿತ್ತು. ಆ ಕತ್ತಲೆ ಕಥೆಯದೇ. ಥಿಯೇಟರು ಗೊಳ್ಳೆಂದಿತು. ಸುಧಾ ಬಂದು ನನ್ನ ಅಂಗಿ ಹಿಡಿದು ಜಗ್ಗಿದಳು: "ಅಜ್ಜಾ, ಸುಮ್ನ ಕುಂದ್ರು! ಮಾನ ಕಳೀಬ್ಯಾಡ!"

ಕನ್ನಡ! ಥೇಟ್ ಅವರಜ್ಜಿಯ ದನಿ. ಬೈಸಿಕೊಂಡು ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ವಾಪಸು ರೈಲಿನಲ್ಲಿ ಅವಳು ತಡವರಿಸುತ್ತ ಕನ್ನಡದಲ್ಲೇ ಪ್ರಬಂಧದ ಕಷ್ಟ ಹೇಳಿಕೊಂಡಳು. "ಪುಸ್ತಕದಾಗ ಹೆದರಿಕೆ ತಲಿ ಒಳಗಿರ್ತದ, ಸಿನಿಮಾದಾಗ ಗ್ವಾಡಿ, ಪೊಲೀಸ್. ಇದು ಎಲ್ಲಾರೂ ಬರಿಯೋದಾ, ನಿಂದೇನೈತಿ ಅಂತಾರ ಟೀಚರ್."

"ಪುಸ್ತಕ ಬ್ಯಾಸರಾದ್ರ ಮುಚ್ಚಿಡ್ತಿ. ಟಾಕೀಸಿನಾಗ ಹಂಗಲ್ಲವ್ವಾ, ಬಾಗಲಾ ಹಾಕಿರ್ತಾರ."

"ಯಾರು ಹಾಕ್ತಾರ?"

"ನಾನ ಹಾಕೀನಿ."

ಬಾಯಿಗೆ ಬಂದುಬಿಟ್ಟಿತು. ಇನ್ನು ಈ ಹುಡುಗಿ ಮುಖ ತಿರುಗಿಸಿದರೆ ಏನು ಗತಿ? ಆದರೂ ಹೇಳಿದೆ. ತುರ್ತು ಪರಿಸ್ಥಿತಿಯ ಕಾಲ. ಸಾಹೇಬರೊಬ್ಬರು ಬಂದು ನಗುನಗುತ್ತ ಚಹಾ ಕುಡಿದು, "ಸರ್ಕಾರದ ವಾರ್ತಾಚಿತ್ರ ಎಲ್ಲರೂ ನೋಡಿದರೆ ಚೆನ್ನ" ಎಂದು ಹೋದರು. ಅಂದಿನಿಂದ ದಿನಾ ಆ ವಾರ್ತಾಚಿತ್ರ ಮುಗಿಯುವವರೆಗೂ ಟೆಂಟಿನ ತಗಡಿನ ಬಾಗಿಲಿಗೆ ಚಿಲಕ. ಒಬ್ಬ ಬಸುರಿ ಹೆಣ್ಣುಮಗಳು ಸಂಕಟ, ಹೊರಗೆ ಬಿಡಣ್ಣಾ ಅಂದಳು. ಮುಗೀಲಿ ತಂಗಿ ಅಂದೆ.

"ಚಿಲಕ ಹಾಕು ಅಂತ ಅವರು ಅಂದಿದ್ರಾ?"

"ಇಲ್ಲವ್ವಾ."

ರೈಲು ಕೊಲ್ಲಂ ದಾಟಿತು. ಸುಧಾ ನೋಟ್‌ಬುಕ್ ತೆಗೆದು ಕೇಳಿದಳು: "ಬರೀಲೇನಜ್ಜಾ? ಕಥಿಯೊಳಗಿನ ಸರ್ಕಾರಕ್ಕ ಕಾವಲುಗಾರರು ಬೇಕು. ಖರೇ ಸರ್ಕಾರಕ್ಕ ಬೇಕಾಗಿಲ್ಲ ಅಂತ?"

"ಬರಿ. ನನ್ನ ಹೆಸರೂ ಹಾಕು."

ನನ್ನನ್ನೂ ಕಾಲೇಜಿಗೆ ಕರೆದೊಯ್ದು ಅದನ್ನು ಇಂಗ್ಲಿಷಿನಲ್ಲಿ ಓದಿದಳು. ಹಿಂದಿನ ಬೆಂಚಿನಲ್ಲಿ ಕುಳಿತ ನನಗೆ ಒಂದಕ್ಷರ ತಿಳಿಯಲಿಲ್ಲ. ನಡುವೆ ಮಕ್ಕಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದಾಗ, ಓದು ಆ ಬಾಗಿಲ ಹತ್ತಿರ ಬಂದಿದೆ ಎಂದುಕೊಂಡೆ. ತಲೆ ತಗ್ಗಿಸಲಿಲ್ಲ.

ಯಾವ ಊರು ಎಂದು ಕೇಳಿದರೆ ಈಗಲೂ ಕೊಪ್ಪಳ ಎಂದೇ ಹೇಳುತ್ತೇನೆ. ಆದರೆ ಕೊಪ್ಪಳದವರಿಗೆ ಗೊತ್ತಿರುವುದು ಮಷೀನ್ ಓಡಿಸುತ್ತಿದ್ದವನು ಮಾತ್ರ; ಚಿಲಕ ಸರ್ಕಾರದ ಹುಕುಂ ಎಂದೇ ಅವರು ತಿಳಿದಿದ್ದರು. ಚಿಲಕ ಹಾಕಿದವನನ್ನು ಬಲ್ಲವರು ಇಲ್ಲಿದ್ದಾರೆ.